ಕಣ್ಣು ಬಿಟ್ಟು ಬೇರೇನೂ ಆಡುತ್ತಿಲ್ಲ: ಕನ್ನಡದಲ್ಲಿ ಅಕ್ಷರದ ಬೋರ್ಡ್ ಮಾಡೋದು ಹೇಗೆ?

ಹೊಂಗೆನೆರಳು
ಎಲ್ಲರಿಗೂ ನಮಸ್ಕಾರ. ಮಿದುಳು ಕಾಂಡಕ್ಕೆ ಸ್ಟ್ರೋಕ್ ಆದ ಹಿರಿಯರೊಬ್ಬರು ಎರಡೂವರೆ ತಿಂಗಳ ನಂತರ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಕುತ್ತಿಗೆಗೆ ಉಸಿರಾಡಲು ಟ್ರಕಿಯಾಸ್ಟಮಿ ಕೊಳವೆ, ಮೂಗಿಗೆ ಊಟದ ಕೊಳವೆ. ಕೈಕಾಲು, ಮುಖ, ನಾಲಿಗೆ ಯಾವುದೂ ಆಡುವುದಿಲ್ಲ. ಪ್ರಜ್ಞೆ ಪೂರ್ತಿ ಇದೆ, ನಾವು ಹೇಳುವುದೆಲ್ಲ ಅರ್ಥವಾಗುತ್ತದೆ. ಜೀವನವಿಡೀ ಕನ್ನಡದಲ್ಲೇ ಓದಿ ಬರೆದವರು, ಇಂಗ್ಲಿಷ್ ಅಷ್ಟಕ್ಕಷ್ಟೇ. ಕಣ್ಣಿನಲ್ಲಿ ನಡೆಸುವ ಕಂಪ್ಯೂಟರಿಗೆ ಡೀಲರೊಬ್ಬರು ಲಕ್ಷಗಟ್ಟಲೆ ಹೇಳುತ್ತಿದ್ದಾರೆ, ಅವರು ತೋರಿಸಿದ ಕೀಲಿಮಣೆ ನೋಡಿದರೆ ಇಂಗ್ಲಿಷಿನದ್ದು. ಮೊದಲು ಕೈಯಲ್ಲೇ ಒಂದು ಕನ್ನಡ ಬೋರ್ಡ್, ಅಂದರೆ ಕಣ್ಣಿನಿಂದ ಅಕ್ಷರ ಆರಿಸಿ ಮಾತು ತಿಳಿಸುವ ಹಲಗೆ, ಮಾಡಿಕೊಳ್ಳೋಣ ಅಂತಿದ್ದೇವೆ. 49 ಅಕ್ಷರ, ಅದರ ಮೇಲೆ ಕಾಗುಣಿತ, ಒತ್ತಕ್ಷರ. ಎಲ್ಲಿಂದ ಶುರು ಮಾಡಬೇಕು?

ತಂತಿಕೆಲಸ
ಮೊದಲು 49ನ್ನು ಕಡಿಮೆ ಮಾಡಿ. ಮಹಾಪ್ರಾಣ ಯಾವುದೂ ಬೇಡ. "ಕತೆ" ಅಂತ ಬಂದರೆ ಅದು "ಕಥೆ" ಅಂತ ಯಾರಿಗಾದರೂ ಗೊತ್ತಾಗುತ್ತೆ. ಙ, ಞ, ಋ, ಅಃ ಬೇಡ. ಷ ಬದಲು ಶ ಸಾಕು. ದೀರ್ಘ ಸ್ವರಗಳಲ್ಲಿ ಆ ಒಂದನ್ನೇ ಇಟ್ಟುಕೊಳ್ಳಿ, ಐಗೆ ಅ-ಯ, ಔಗೆ ಅ-ವ ಮಾಡಿಕೊಳ್ಳಬಹುದು. ಆಗ ಉಳಿಯುವುದು 21 ವ್ಯಂಜನ, ಅ ಆ ಇ ಉ ಎ ಒ ಅಂ ಸೇರಿ 28. ಇದಕ್ಕೆ "ಒತ್ತು", "ಅಳಿಸು", "ಪದ ಮುಗೀತು", "ಅಂಕಿ" ಸೇರಿಸಿದರೆ 32. ನಾಲ್ಕು ನಾಲ್ಕರಂತೆ ಎಂಟು ಗುಂಪು ಸರಿಯಾಗಿ ಕೂರುತ್ತೆ:

ಅ ಆ ಇ ಉ / ಎ ಒ ಅಂ ಒತ್ತು / ಕ ಗ ಚ ಜ / ಟ ಡ ಣ ಳ / ತ ದ ನ ಸ / ಪ ಬ ಮ ಹ / ಯ ರ ಲ ವ / ಶ ಅಳಿಸು ಮುಗೀತು ಅಂಕಿ

3 ಮಿ.ಮೀ. ದಪ್ಪದ ಪಾರದರ್ಶಕ ಅಕ್ರಿಲಿಕ್ ಹಾಳೆ, 60 × 45 ಸೆಂ.ಮೀ. ನಾಮಫಲಕ ಮಾಡುವ ಅಂಗಡಿಯಲ್ಲಿ ಕತ್ತರಿಸಿ ಕೊಡ್ತಾರೆ. ನಡುವೆ 20 × 15ರ ಕಿಂಡಿ ತೆಗೆಸಿ. ಅಂಚಿಗೆಲ್ಲ ಉಪ್ಪುಕಾಗದ ತಿಕ್ಕಿ, ಇಲ್ಲದಿದ್ದರೆ ಕೈ ಕೊಯ್ಯುತ್ತೆ. ಎಂಟು ಗುಂಪನ್ನು ಸುತ್ತ ಅಂಟಿಸಿ: ಮೇಲೆ ಮೂರು, ಕೆಳಗೆ ಮೂರು, ಎಡಬಲ ಒಂದೊಂದು. ಅಕ್ಷರ 3 ಸೆಂ.ಮೀ. ಎತ್ತರ ಇರಲಿ. ಹಿಂಬದಿಗೂ ಅದೇ ಅಕ್ಷರಗಳನ್ನು ಸಣ್ಣದಾಗಿ ಅಂಟಿಸಿಕೊಳ್ಳಿ, ಹಿಡಿದವರಿಗೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಾಣಬಾರದು. ರೋಗಿಯ ಮುಖದಿಂದ ಅರ್ಧ ಮೀಟರ್ ದೂರದಲ್ಲಿ ಹಿಡಿದು, ಕಿಂಡಿಯಿಂದ ಅವರ ಕಣ್ಣು ನೋಡಿ. ಮೊದಲ ನೋಟ ಗುಂಪಿನ ಕಡೆಗೆ. ಆಮೇಲೆ ಅವರು ನಿಮ್ಮ ಮುಖಕ್ಕೆ ದೃಷ್ಟಿ ತಂದು, ಗುಂಪಿನ ಯಾವ ಮೂಲೆಯಲ್ಲಿ ಅಕ್ಷರ ಇದೆಯೋ ಬೋರ್ಡಿನ ಅದೇ ಮೂಲೆ ನೋಡಬೇಕು. ಎರಡು ನೋಟಕ್ಕೆ ಒಂದು ಅಕ್ಷರ.

ಟ್ಯೂಬ್‌ಲೈಟ್ ಹಾಳೆಯಲ್ಲಿ ಹೊಳೆದರೆ ಏನೂ ಕಾಣಲ್ಲ. ಸ್ವಲ್ಪ ಮುಂದಕ್ಕೆ ಬಾಗಿಸಿ ಹಿಡಿಯಿರಿ.

ವಾಕ್‌ಮೈಸೂರು
ಬೋರ್ಡಿನ ವಿನ್ಯಾಸ ಚೆನ್ನಾಗಿದೆ. ಆದರೆ ಹಾಳೆ ಕತ್ತರಿಸುವ ಮುಂಚೆ ಒಂದು ಪ್ರಶ್ನೆ: ಅವರ ಕಣ್ಣು ಪಕ್ಕಕ್ಕೆ ಆಡುತ್ತಾ?

ಮಿದುಳು ಕಾಂಡದ ನಡುಭಾಗಕ್ಕೆ, ಅಂದರೆ ಪಾನ್ಸ್‌ಗೆ, ರಕ್ತ ಹರಿಯುವುದು ನಿಂತಾಗ ಆಗುವ ಲಾಕ್ಡ್-ಇನ್ ಸ್ಥಿತಿಯಲ್ಲಿ (ಪ್ರಜ್ಞೆ ಪೂರ್ತಿ ಇದ್ದೂ ಮೈ ಆಡದ ಸ್ಥಿತಿ) ಸಾಮಾನ್ಯವಾಗಿ ಕಣ್ಣನ್ನು ಎಡಬಲ ತಿರುಗಿಸುವ ಕೇಂದ್ರವೂ ಹೋಗಿರುತ್ತೆ, ಅದು ಇರುವುದೇ ಪಾನ್ಸ್‌ನಲ್ಲಿ. ಮೇಲೆ-ಕೆಳಗೆ ಆಡಿಸುವ ಕೇಂದ್ರ ಅದಕ್ಕಿಂತ ಮೇಲೆ, ಮಧ್ಯಮಿದುಳಿನಲ್ಲಿದೆ. ಹಾಗಾಗಿ ಅದು ಉಳಿದಿರುತ್ತೆ. ಎಎಲ್‌ಎಸ್ (ಸ್ನಾಯು ಆಡಿಸುವ ನರಗಳು ಕ್ರಮೇಣ ಸೋಲುವ) ಕಾಯಿಲೆಯ ಕಥೆ ಬೇರೆ, ಅದರಲ್ಲಿ ಬಹುಕಾಲದವರೆಗೆ ಎಲ್ಲ ದಿಕ್ಕಿನ ಚಲನೆಯೂ ಇರುತ್ತೆ. ಎಂಟು ದಿಕ್ಕಿನ ಬೋರ್ಡ್ ಹೊಂದುವುದು ಅಂಥವರಿಗೆ.

ಒಂದು ಪೆನ್ನನ್ನು ಮುಖದಿಂದ ಎರಡಡಿ ದೂರ ಹಿಡಿದು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಆಡಿಸಿ. "ಪೆನ್ನು ನೋಡ್ತಾ ಇರಿ" ಅಂತ ಹೇಳಿ ನೋಡಿ ಬರೆಯಿರಿ.

ಹೊಂಗೆನೆರಳು
ಈಗಷ್ಟೇ ನೋಡಿದೆವು ಮೇಡಂ. ಪಕ್ಕಕ್ಕೆ ಒಂಚೂರೂ ಹೋಗಲ್ಲ. ಮೇಲೆ ಚೆನ್ನಾಗಿ ಹೋಗುತ್ತೆ, ಕೆಳಗೆ ಸ್ವಲ್ಪ ಕಮ್ಮಿ. ರೆಪ್ಪೆ ಮುಚ್ಚಿ ತೆಗೀತಾರೆ. ಇನ್ನೊಂದು, ಬಲಗೈ ಹೆಬ್ಬೆರಳು ಆಗಾಗ ಚೂರು ಅಲುಗುತ್ತೆ. ಬೇಕಂತಲೇ ಅಲುಗಿಸುತ್ತಾರಾ ಅಂತ ಗೊತ್ತಿಲ್ಲ.

ತಂತಿಕೆಲಸ
ಹಾಗಾದರೆ ನನ್ನ ಬೋರ್ಡ್ ಇವರಿಗೆ ಕೆಲಸಕ್ಕೆ ಬಾರದು, ಮಾಡಿಸಬೇಡಿ. ಎಎಲ್‌ಎಸ್ ಇರುವ ಮನೆಯವರು ಓದಿದರೆ ಉಪಯೋಗವಾಗಲಿ ಅಂತ ಮೇಲಿನದ್ದನ್ನು ಅಳಿಸುತ್ತಿಲ್ಲ.

ವಾಕ್‌ಮೈಸೂರು
ಬೋರ್ಡಿಗಿಂತ ಮೊದಲು ಹೌದು-ಇಲ್ಲ ಗಟ್ಟಿಯಾಗಬೇಕು. ಇದನ್ನು ಬಿಟ್ಟು ಮುಂದೆ ಹೋದವರು ಮತ್ತೆ ಇಲ್ಲಿಗೇ ವಾಪಸ್ ಬರ್ತಾರೆ.

"ಮೇಲೆ ನೋಡಿದರೆ ಹೌದು, ಕಣ್ಣು ಮುಚ್ಚಿ ಎರಡು ಎಣಿಸುವಷ್ಟು ಹೊತ್ತು ಹಾಗೇ ಇಟ್ಟರೆ ಇಲ್ಲ." ಬರಿ ಮಿಟುಕಿಸುವುದನ್ನು ಹೌದು ಅಂತ ಇಟ್ಟುಕೊಳ್ಳಬೇಡಿ, ಕಣ್ಣು ಒಣಗಿದರೂ ಮಿಟುಕುತ್ತೆ. ಇದನ್ನು ದೊಡ್ಡದಾಗಿ ಬರೆದು ಹಾಸಿಗೆಯ ತಲೆ ಮೇಲಿನ ಗೋಡೆಗೆ ಅಂಟಿಸಿ. ಹಗಲು ನರ್ಸ್ ಒಂದು ಗುರುತು, ರಾತ್ರಿ ನೋಡಿಕೊಳ್ಳುವವರು ಇನ್ನೊಂದು ಗುರುತು ಇಟ್ಟುಕೊಂಡರೆ ರೋಗಿ ಸುಸ್ತಾಗಿ ಉತ್ತರ ಕೊಡುವುದನ್ನೇ ಬಿಡ್ತಾರೆ.

ಆಮೇಲೆ ಕೇಳುವ ರೀತಿ. ನಮ್ಮ ಮಾತಿನಲ್ಲಿ ಇದು ದೊಡ್ಡ ತೊಡಕು. "ನೋವಿಲ್ವಾ?" ಅಂತ ಕೇಳಿ ಅವರು "ಹೌದು" ಅಂದರೆ ನೋವು ಇದೆಯೋ ಇಲ್ಲವೋ? "ನೀರು ಬೇಡ್ವಾ?", "ಸಾಕಲ್ವಾ?" ಇವೆಲ್ಲ ಹಾಗೇ. "ನೋವಿದೆಯಾ?", "ಫ್ಯಾನ್ ಹಾಕಲಾ?" ಅಂತ ನೇರ ಕೇಳಿ. "ಫ್ಯಾನ್ ಹಾಕಲಾ ಕಿಟಕಿ ತೆಗೀಲಾ?" ಅಂತ ಎರಡು ಸೇರಿಸಿದರೆ ಉತ್ತರ ಕೊಡಲು ಅವರಿಗೆ ದಾರಿಯೇ ಇಲ್ಲ. ಒಂದು ಕೇಳಿ, ಹತ್ತು ಸೆಕೆಂಡ್ ಸುಮ್ಮನೆ ಕಾಯಿರಿ. ಉತ್ತರ ಗೊತ್ತಿರುವ ಹತ್ತು ಪ್ರಶ್ನೆಗಳನ್ನು ಹೌದು-ಇಲ್ಲ ಬೆರೆಸಿ ಕೇಳಿ ನೋಡಿ. ಒಂಬತ್ತು ಸರಿ ಬಂದರೆ ಅಕ್ಷರಕ್ಕೆ ಹೋಗಬಹುದು.

ಧಾರವಾಡಪೇಡೆ
ಮೇಡಂ ಹೇಳಿದ್ದು ಖರೇ ಐತ್ರಿ. ಇನ್ನೊಂದು ಸೇರಿಸ್ತೀನಿ. ಮನ್ಯಾಗ ಆಡೋ ಮಾತಿನ್ಯಾಗ ಕೇಳ್ರಿ. ದವಾಖಾನಿ ಭಾಷಾದಾಗ "ಅಸ್ವಸ್ಥತೆ ಇದೆಯಾ" ಅಂತ ಕೇಳಿದ್ರ ಯಾರಿಗೆ ತಿಳೀತೈತಿ? "ತುರಸಾಕತ್ತೈತೇನು? ಮಗ್ಗಲಾ ಬದಲಿ ಮಾಡ್ಲೇನು? ಕಫ ತಗೀಲೇನು? ಲೈಟ್ ಕಣ್ಣಿಗೆ ಬಡೀತೈತೇನು?" ಹಿಂಗ. ದಿನಕ್ಕ ಬೇಕಾಗೋ ಹತ್ತ-ಹನ್ನೆರಡು ಪ್ರಶ್ನಿ ಒಂದು ಹಾಳಿ ಮ್ಯಾಲೆ ಬರದು, ದಿನಾ ಅದೇ ಕ್ರಮದಾಗ ಕೇಳ್ರಿ. ಕಫ ಯಾವಾಗ್ಲೂ ಮೊದಲು. ಕಡೀಕ "ಬ್ಯಾರೆ ಏನರ ಹೇಳೋದೈತೇನು?" ಅನ್ನೋದು ಇರಲೇಬೇಕು. ಅದಕ್ಕ ಹೌದು ಅಂದ್ರಂದ್ರ ಅಕ್ಷರಕ್ಕ ಬರ್ರಿ.

ಪುಟ್ಟಪ್ರಶ್ನೆ
ಟ್ರಕಿಯಾಸ್ಟಮಿಗೆ ಮಾತಾಡುವ ವಾಲ್ವ್ ಅಂತ ಬರುತ್ತಲ್ಲ, ಅದನ್ನು ಹಾಕಿದರೆ ಆಗಲ್ವಾ?

ರಾತ್ರಿಪಾಳಿ
ದಯವಿಟ್ಟು ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ. ಆ ವಾಲ್ವ್ ಉಸಿರನ್ನು ಒಳಗೆ ಬಿಡುತ್ತೆ, ಹೊರಗೆ ಬಿಡಲ್ಲ. ಹೊರಗೆ ಹೋಗುವ ಗಾಳಿ ಕೊಳವೆಯ ಪಕ್ಕದಿಂದ ಗಂಟಲಿಗೆ ಹೋಗಬೇಕು. ಕೊಳವೆಯ ಸುತ್ತಲಿನ ಕಫ್, ಅಂದರೆ ಆ ಚಿಕ್ಕ ಬಲೂನು, ಊದಿಕೊಂಡಿರುವಾಗ ವಾಲ್ವ್ ಹಾಕಿದರೆ ಗಾಳಿಗೆ ದಾರಿಯೇ ಇರಲ್ಲ, ಪ್ರಾಣಕ್ಕೆ ಅಪಾಯ. ಕಫ್ ಇಳಿಸಿದರೂ ಇವರಿಗೆ ನಾಲಿಗೆ, ತುಟಿ ಆಡಲ್ಲ, ಪದ ಬರಲ್ಲ. ಅದೇನಿದ್ದರೂ ವೈದ್ಯರು ಪಕ್ಕದಲ್ಲಿದ್ದು ತೀರ್ಮಾನಿಸುವ ವಿಷಯ.

ಇನ್ನು ಕಣ್ಣು. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಪ್ಪುಗುಡ್ಡೆ ಒಣಗಿ ಹುಣ್ಣಾಗುತ್ತೆ. ಮಾತಿಗೆ ಇರುವ ಒಂದೇ ದಾರಿ ಅದು. ಕಣ್ಣಿನ ಡಾಕ್ಟರ್ ಕೊಟ್ಟ ಹನಿಯನ್ನು ಹೊತ್ತಿಗೆ ಸರಿಯಾಗಿ ಹಾಕಿ. ರಾತ್ರಿ ಮುಲಾಮು ಬೇಕಾ ಅಂತಲೂ ಕೇಳಿಕೊಳ್ಳಿ. ಮುಲಾಮು ಹಚ್ಚಿದ ಮೇಲೆ ಕಣ್ಣು ಮಂಜಾಗುತ್ತೆ, ಬೋರ್ಡ್ ಕೆಲಸ ಅದಕ್ಕೂ ಮುಂಚೆ ಮುಗಿಸಿ.

ವಾಕ್‌ಮೈಸೂರು
ಅಕ್ಷರಕ್ಕೆ ಬರೋಣ. ಇವರಿಗೆ ಬೇಕಾದದ್ದು ಕೂಗಿ ಕೇಳುವ ಪದ್ಧತಿ. ನೀವು ಸಾಲಿನ ಸಂಖ್ಯೆ ಹೇಳುತ್ತಾ ಹೋಗ್ತೀರಿ, ಬೇಕಾದ ಸಾಲಿಗೆ ಅವರು ಮೇಲೆ ನೋಡ್ತಾರೆ. ಆಮೇಲೆ ಆ ಸಾಲಿನ ಅಕ್ಷರಗಳನ್ನು ಒಂದೊಂದೇ ಹೇಳ್ತೀರಿ, ಬೇಕಾದ ಅಕ್ಷರಕ್ಕೆ ಮತ್ತೆ ಮೇಲೆ ನೋಡ್ತಾರೆ. 1995ರ ಡಿಸೆಂಬರಿನಲ್ಲಿ ಇದೇ ರೀತಿ ಸ್ಟ್ರೋಕ್ ಆದ ಫ್ರೆಂಚ್ ಪತ್ರಕರ್ತ ಜಾನ್-ಡೊಮಿನಿಕ್ ಬೋಬಿ ಒಂದು ಇಡೀ ಪುಸ್ತಕ ಬರೆಸಿದ್ದು ಹೀಗೇ, ಎಡಗಣ್ಣಿನ ರೆಪ್ಪೆಯೊಂದರಿಂದ. ಅವರಿಗೆ ಅಕ್ಷರಗಳನ್ನು ಓದುತ್ತಿದ್ದದ್ದು ಎ, ಬಿ, ಸಿ ಕ್ರಮದಲ್ಲಲ್ಲ. ಫ್ರೆಂಚಿನಲ್ಲಿ ಹೆಚ್ಚು ಬರುವ ಅಕ್ಷರ ಮೊದಲು: ಇ, ಎಸ್, ಎ, ಆರ್, ಐ, ಎನ್, ಹೀಗೆ.

ಧಾರವಾಡಪೇಡೆ
ಕನ್ನಡಕ್ಕ ಆ ತ್ರಾಸ ಯಾಕ್ರಿ? ವರ್ಗ ಐತಲ್ಲ. ಕ-ವರ್ಗ, ಚ-ವರ್ಗ, ಟ-ವರ್ಗ ಅಂತ ಸಾಲಿ ಕಲತವರಿಗೆಲ್ಲ ಬಾಯಿಪಾಠ. ಬೋರ್ಡ್ ಇಲ್ಲದನೂ ನಡೀತೈತಿ, ಕತ್ತಲಿಯೊಳಗೂ ನಡೀತೈತಿ. ಹೊಸಾ ಕ್ರಮ ಕಲಸೂದ್ರಾಗ ಪೇಶಂಟ್ ಸುಸ್ತ ಆಗ್ತಾರ.

ಕೋಡ್‌ಕುಂದಾಪುರ
ಲೆಕ್ಕ ಹಾಕಿ ನೋಡುವ. ವರ್ಗದ ಕ್ರಮದಲ್ಲಿ ಸಾಲುಗಳು: 1) ಅ ಆ ಇ ಉ ಎ ಒ ಅಂ 2) ಕ ಗ ಚ ಜ 3) ಟ ಡ ಣ 4) ತ ದ ನ 5) ಪ ಬ ಮ 6) ಯ ರ ಲ ವ 7) ಶ ಸ ಹ ಳ. "ನೀರು" ಬರೆಯಬೇಕು. ನ ಸಿಗಲು ನಾಲ್ಕು ಸಾಲು, ಮೂರು ಅಕ್ಷರ, ಒಟ್ಟು 7 ಕೂಗು. ಇಗೆ 4. ರಗೆ 8. ಉಗೆ 5. ಎಲ್ಲ ಸೇರಿ 24.

ಈಗ ಹೆಚ್ಚು ಬರುವುದನ್ನು ಮುಂದೆ ತರುವ: 1) ಅ ಇ ಉ ಎ ಆ ಒ ಅಂ 2) ನ ದ ತ 3) ರ ಲ ವ ಯ 4) ಕ ಗ ಮ ಸ 5) ಹ ಬ ಪ ಳ 6) ಡ ಟ ಣ 7) ಚ ಜ ಶ. ನ 3, ಇ 3, ರ 4, ಉ 4. ಒಟ್ಟು 14. ಸೆಕೆಂಡಿಗೆ ಒಂದು ಕೂಗು ಅಂತ ಹಿಡಿದರೂ ಒಂದೇ ಪದದಲ್ಲಿ ಹತ್ತು ಸೆಕೆಂಡ್ ಉಳೀತದೆ. ದಿನವಿಡೀ ಮಾತಾಡುವವರಿಗೆ ಅದು ಸಣ್ಣದಲ್ಲ.

ಧಾರವಾಡಪೇಡೆ
ಲೆಕ್ಕ ಒಪ್ಪಿದೆ. ಆದ್ರ ಮೊದಲನೇ ವಾರ ವರ್ಗದ ಕ್ರಮನ ಇಡ್ರಿ ಅಂತೀನಿ. ಕೈಗೆ ಕೂತ ಮ್ಯಾಲೆ ಬದಲಿ ಮಾಡ್ರಿ. ಇನ್ನ ನಮ್ಮ ಕಡೆ "ನೀರ" ಅಂತಾರ, ಕಡೀ ಉ ಕೇಳೋದs ಬ್ಯಾಡ.

ವಾಕ್‌ಮೈಸೂರು
ಇಬ್ಬರದೂ ಸರಿ. ಹಾಳೆಯ ಒಂದು ಬದಿಗೆ ವರ್ಗ, ಇನ್ನೊಂದು ಬದಿಗೆ ಬಳಕೆಯ ಕ್ರಮ ಇರಲಿ. ಯಾವುದು ಬೇಕು ಅಂತ ಅವರನ್ನೇ ಕೇಳಿ, ಅದೂ ಹೌದು-ಇಲ್ಲದ ಪ್ರಶ್ನೆಯೇ.

ಬರೆದುಕೊಳ್ಳುವವರಿಗೆ ನಾಲ್ಕು ಮಾತು. ವ್ಯಂಜನ ಆದ ಮೇಲೆ ಸ್ವರ ಬಂದರೆ ಅದು ಕಾಗುಣಿತ, ವ್ಯಂಜನ ಆದ ಮೇಲೆ ವ್ಯಂಜನ ಬಂದರೆ ನಡುವೆ ಅ ಇದೆ ಅಥವಾ ಒತ್ತು ಇದೆ. "ಅ-ಮ" ಬಂದರೆ ಅಮ್ಮ ಅಂತ ತಾನೇ ತಿಳಿಯುತ್ತೆ, ಒತ್ತನ್ನು ಬೇರೆ ಕೇಳಬೇಡಿ. ಪ್ರತಿ ಅಕ್ಷರವನ್ನೂ ಪುಸ್ತಕದಲ್ಲೋ ಸ್ಲೇಟಿನಲ್ಲೋ ಬರೆಯಿರಿ, ಆರನೇ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗಿರುತ್ತೆ. ತಪ್ಪಾದರೆ ಅವರು ಕಣ್ಣು ಮುಚ್ಚಲಿ, ನೀವು ಒಂದು ಅಕ್ಷರ ಹೊಡೆದುಹಾಕಿ. ಪದ ಊಹಿಸಬಹುದು, ಆದರೆ "ನೀರಾ?" ಅಂತ ಕೇಳಿ ಹೌದು ಬಂದ ಮೇಲೆಯೇ ಎದ್ದು ಹೋಗಿ. ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು.

ಹೊಂಗೆನೆರಳು
ಹೌದು-ಇಲ್ಲ ಪರೀಕ್ಷೆ ಮಾಡಿದೆವು. ಹತ್ತಕ್ಕೆ ಹತ್ತು! ಹಾಳೆ ಬರೆಯುತ್ತಿದ್ದೇವೆ. ಹೆಬ್ಬೆರಳಿನ ವಿಷಯ ಯಾರಾದರೂ ಹೇಳ್ತೀರಾ? ರಾತ್ರಿ ನಮ್ಮನ್ನು ಕರೆಯಲು ಅವರಿಗೆ ಏನೂ ಇಲ್ಲ, ಅದೇ ದೊಡ್ಡ ಚಿಂತೆ.

ತಂತಿಕೆಲಸ
"ಮೂರು ಎಣಿಸ್ತೀನಿ, ಮೂರಕ್ಕೆ ಬೆರಳು ಆಡಿಸಿ" ಅಂತ ಹತ್ತು ಸಲ ಕೇಳಿ. ಏಳೆಂಟು ಸಲ ಸರಿಯಾದ ಹೊತ್ತಿಗೆ ಬಂದರೆ ಅದು ಬೇಕಂತ ಮಾಡುವ ಚಲನೆ. ನಡುವೆ "ಈಗ ಆಡಿಸಬೇಡಿ" ಅಂತಲೂ ಹೇಳಿ ನೋಡಿ, ಆಗಲೂ ಆಡಿದರೆ ಅದು ಬರೀ ಸೆಳೆತ.

ಕರೆಗಂಟೆ ಮಾಡುವುದು ಸುಲಭ. ವೈರ್‌ಲೆಸ್ ಕಾಲಿಂಗ್ ಬೆಲ್ ಒಂದು ತನ್ನಿ. ಬಾಗಿಲಿಗೆ ಹಾಕುವ ಚಿಕ್ಕ ಡಬ್ಬಿ ಬಿಚ್ಚಿದರೆ ಒಳಗೆ ನಾಲ್ಕು ಕಾಲಿನ ಪುಟ್ಟ ಬಟನ್ ಇರುತ್ತೆ. ನಾಲ್ಕರಲ್ಲಿ ಎರಡೆರಡು ಒಳಗೇ ಸೇರಿಕೊಂಡಿರುತ್ತವೆ, ಹಾಗಾಗಿ ಕರ್ಣದ ಎರಡು ಕಾಲುಗಳಿಗೆ ಎರಡು ತೆಳು ತಂತಿ ಬೆಸೆಯಿರಿ, ಆಗ ತಪ್ಪುವುದಿಲ್ಲ. ತಂತಿಯ ಇನ್ನೊಂದು ತುದಿಗೆ 3.5 ಮಿ.ಮೀ. ಮೋನೋ ಸಾಕೆಟ್. ವಿಕಲಚೇತನರಿಗೆಂದು ಮಾರುವ ಸ್ವಿಚ್‌ಗಳೆಲ್ಲ ಬಹುಮಟ್ಟಿಗೆ ಇದೇ ಪಿನ್ನಿನವು, ನಾಳೆ ಬೇರೆ ಸ್ವಿಚ್ ತಂದರೂ ಹಾಕಬಹುದು. ಸ್ವಿಚ್ಚಿಗೆ ಉದ್ದ ಪಟ್ಟಿ ಇರುವ ಮೈಕ್ರೋ ಸ್ವಿಚ್ ತನ್ನಿ. ಪಟ್ಟಿ ಉದ್ದವಾದಷ್ಟೂ ಕಡಿಮೆ ಬಲ ಸಾಕು. ಅಂಗೈಯಲ್ಲಿ ಬಟ್ಟೆ ಸುರುಳಿ ಇಟ್ಟು, ಹೆಬ್ಬೆರಳಿನ ಕೆಳಗೆ ಪಟ್ಟಿ ಬರುವಂತೆ ವೆಲ್ಕ್ರೋದಿಂದ ಕಟ್ಟಿ.

ಕೆಟ್ಟುಹೋಗುವುದು ಎಲೆಕ್ಟ್ರಾನಿಕ್ಸ್ ಅಲ್ಲ, ಸ್ವಿಚ್ಚಿನ ಜಾಗ. ಮಗ್ಗುಲು ಬದಲಿಸಿದಾಗಲೆಲ್ಲ ಅದು ಸರಿಯುತ್ತೆ. ಪ್ರತಿ ಸಲ ಮಗ್ಗುಲು ಬದಲಿಸಿದ ಮೇಲೆ "ಒಂದು ಸಲ ಒತ್ತಿ" ಅಂತ ಕೇಳಿ, ಗಂಟೆ ಕೇಳಿಸಿದ ಮೇಲೆಯೇ ಕೋಣೆ ಬಿಡಿ. ಬೆಲ್ಲಿನ ರಿಸೀವರ್ ಕರೆಂಟಿನದ್ದಾದರೆ ಕರೆಂಟ್ ಹೋದಾಗ ಸತ್ತಹಾಗೆ, ಬ್ಯಾಟರಿಯದ್ದೇ ತಗೊಳ್ಳಿ.

ಪುಟ್ಟಪ್ರಶ್ನೆ
ಬೆರಳು ಆಡದವರಿಗೆ? ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರು ಕೆನ್ನೆಯಲ್ಲಿ ಮಾಡ್ತಿದ್ದರಲ್ಲ.

ತಂತಿಕೆಲಸ
ಹೌದು. ಮೊದಲು ಕೈಯಲ್ಲಿ ಒತ್ತುವ ಸ್ವಿಚ್ ಇತ್ತು, ಕೈ ಸೋತ ಮೇಲೆ ಕನ್ನಡಕಕ್ಕೆ ಇನ್‌ಫ್ರಾರೆಡ್ ಸಂವೇದಕ ಸಿಕ್ಕಿಸಿ ಕೆನ್ನೆಯ ಚಲನೆ ಹಿಡಿದರು. ಅಂಥ ಸಣ್ಣ ಚಲನೆಯಿಂದಲೇ ಬರೆಯಲು ಅವರಿಗಾಗಿ ಇಂಟೆಲ್ ಮಾಡಿದ ಎಸಿಎಟಿ ತಂತ್ರಾಂಶವನ್ನು 2015ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಮನೆಯಲ್ಲಿ ಮಾಡುವವರು ಟಿಸಿಆರ್‌ಟಿ5000 ಅನ್ನುವ ಪುಟ್ಟ ಇನ್‌ಫ್ರಾರೆಡ್ ಸಂವೇದಕ ಬಳಸಬಹುದು. ಚರ್ಮದಿಂದ 2–3 ಮಿ.ಮೀ. ದೂರದಲ್ಲಿ ಚೆನ್ನಾಗಿ ಹಿಡಿಯುತ್ತೆ, ಸೆಂಟಿಮೀಟರ್ ದಾಟಿದರೆ ನಂಬುವಂತಿಲ್ಲ. ಕಿಟಕಿಯ ಬಿಸಿಲು ಬಿದ್ದರೆ ಸುಮ್ಮಸುಮ್ಮನೆ ಒತ್ತಿದಂತಾಗುತ್ತೆ. ಕಣ್ಣಿನ ಕಡೆಗೆ ಮಾತ್ರ ಅದನ್ನು ತಿರುಗಿಸಿ ಇಡಬೇಡಿ.

ಕೋಡ್‌ಕುಂದಾಪುರ
ಬೆರಳು ನಂಬಿಕೆಗೆ ಬಂದರೆ ಅದೇ ಸ್ವಿಚ್ಚಿನಿಂದ ಬರೆಯಲೂಬಹುದು. ಹಳೆಯ ಯುಎಸ್‌ಬಿ ಮೌಸ್ ಬಿಚ್ಚಿ, ಎಡ ಬಟನ್ನಿನಲ್ಲಿ ಒತ್ತಿದಾಗ ಒಂದಕ್ಕೊಂದು ಸೇರುವ ಎರಡು ಕಾಲಿಗೆ ಮೇಲೆ ಹೇಳಿದ ಸಾಕೆಟನ್ನೇ ಬೆಸೆದರೆ ಮುಗೀತು, ಕಂಪ್ಯೂಟರಿಗೆ ಅದು ಕ್ಲಿಕ್. ಮೌಸಿನ ಕೆಳಗಿನ ಬೆಳಕಿನ ಕಿಂಡಿಗೆ ಕಪ್ಪು ಟೇಪ್ ಅಂಟಿಸಿ, ಬಾಣ ಓಡಾಡಬಾರದು. ಆಂಡ್ರಾಯ್ಡ್ ಫೋನಿಗೂ ಒಟಿಜಿ ಕೇಬಲಿನಿಂದ (ಫೋನಿಗೆ ಮೌಸ್ ಸಿಕ್ಕಿಸುವ ಕೇಬಲ್) ಹೀಗೇ ಸಿಕ್ಕಿಸಬಹುದು.

ಪರದೆಗೆ ಬ್ರೌಸರಿನಲ್ಲಿ ತೆರೆಯುವ ಒಂದೇ ಒಂದು ಎಚ್‌ಟಿಎಂಎಲ್ ಪುಟ ಸಾಕು. ಏಳು ಸಾಲು ಒಂದೊಂದಾಗಿ ಬೆಳಗಬೇಕು, ಒತ್ತಿದ ಸಾಲಿನ ಅಕ್ಷರಗಳು ಒಂದೊಂದಾಗಿ ಬೆಳಗಬೇಕು. ಶುರುವಿಗೆ ಎರಡು ಸೆಕೆಂಡಿನ ಅಂತರ, ಅಭ್ಯಾಸ ಆದ ಮೇಲೆ ಒಂದೂಕಾಲಕ್ಕೆ ಇಳಿಸಿ. ಸಾಲಿನ ಮೊದಲ ಅಕ್ಷರಕ್ಕೆ ಅರ್ಧ ಸೆಕೆಂಡ್ ಹೆಚ್ಚು ಕೊಡಿ, ಇಲ್ಲದಿದ್ದರೆ ಅದು ಯಾವಾಗಲೂ ತಪ್ಪಿಹೋಗ್ತದೆ. ಒಮ್ಮೆ ಒತ್ತಿದ ಮೇಲೆ ಅರ್ಧ ಸೆಕೆಂಡ್ ಬೇರೆ ಒತ್ತು ಲೆಕ್ಕಕ್ಕಿಲ್ಲ, ನಡುಗುವ ಬೆರಳು ಎರಡು ಸಲ ಒತ್ತೇ ಒತ್ತುತ್ತದೆ.

ಯೂನಿಕೋಡಿನಲ್ಲಿ ಎಡವುವ ಜಾಗ ಉಂಟು. ನ ಆದ ಮೇಲೆ ಇ ಒತ್ತಿದರೆ "ನಇ" ಅಂತ ಬರ್ತದೆ. ಹಿಂದಿನ ಅಕ್ಷರ ವ್ಯಂಜನವಾ ಅಂತ ನೋಡಿ, ಹೌದಾದರೆ ಸ್ವರದ ಬದಲು ಅದರ ಗುಣಿತ ಚಿಹ್ನೆ ಸೇರಿಸಿ. "ಒತ್ತು" ಅಂದರೆ ಹಲಂತ, ವ್ಯಂಜನದ ಅ ತೆಗೆಯುವ ಚಿಹ್ನೆ. ಓದಿಸಲಿಕ್ಕೆ ಫೋನಿನ ಗೂಗಲ್ ಧ್ವನಿಯಲ್ಲಿ ಕನ್ನಡ ಉಂಟು. ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಟ್-ಟು-ಸ್ಪೀಚ್‌ಗೆ ಹೋಗಿ ಕನ್ನಡದ ಧ್ವನಿಯನ್ನು ಮೊದಲೇ ಇಳಿಸಿಕೊಳ್ಳಿ, ನೆಟ್ ಇಲ್ಲದಾಗಲೂ ಮಾತಾಡ್ತದೆ. ವಿಂಡೋಸ್‌ನಲ್ಲಿ ಇಸ್ಪೀಕ್ ಎನ್‌ಜಿ ಅನ್ನುವ ತಂತ್ರಾಂಶ ಕನ್ನಡ ಓದ್ತದೆ, ಸ್ವರ ಯಂತ್ರದ್ದೇ, ಆದರೆ ಸ್ಪಷ್ಟ. ಮನೆಮಾತು ತುಳುವೋ ಕೊಂಕಣಿಯೋ ಆದರೂ ಕನ್ನಡ ಅಕ್ಷರದಲ್ಲೇ ಬರೆಯಲಿ, ಉಚ್ಚಾರ ಸ್ವಲ್ಪ ಹೆಚ್ಚುಕಮ್ಮಿಯಾದರೂ ಮನೆಯವರಿಗೆ ತಿಳೀತದೆ.

ಹೊಂಗೆನೆರಳು
ಹಾಗಾದರೆ ಡೀಲರ್ ಹೇಳಿದ ಐ ಟ್ರ್ಯಾಕರ್, ಅಂದರೆ ಕಣ್ಣಿನಲ್ಲಿ ನಡೆಸುವ ಕಂಪ್ಯೂಟರ್, ಬೇಡವೇ ಬೇಡವಾ?

ವಾಕ್‌ಮೈಸೂರು
ಇವರಿಗೆ ಈಗ ಬೇಡ. ಪಕ್ಕದ ನೋಟ ಇಲ್ಲದೆ ಪರದೆಯ ಕಾಲುಭಾಗವೂ ಕೈಗೆ ಸಿಗಲ್ಲ. ಪಾನ್ಸ್ ಸ್ಟ್ರೋಕ್‌ನಲ್ಲಿ ಕಣ್ಣು ತಾನಾಗಿ ಕುಣಿಯುವುದು, ಒಂದು ಎರಡಾಗಿ ಕಾಣುವುದು ಇದ್ದರಂತೂ ಕ್ಯಾಲಿಬ್ರೇಶನ್, ಅಂದರೆ ನೋಟಕ್ಕೂ ಪರದೆಗೂ ಮಾಡುವ ಹೊಂದಾಣಿಕೆ, ನಿಲ್ಲುವುದೇ ಇಲ್ಲ. ಎಎಲ್‌ಎಸ್ ಇರುವವರಿಗೆ ಅದು ಬಹಳ ಒಳ್ಳೆಯ ಸಾಧನ. ಅವರೂ ಮನೆಯಲ್ಲಿ, ಅವರು ಮಲಗುವ ಭಂಗಿಯಲ್ಲೇ ಪರೀಕ್ಷಿಸದೆ ಹಣ ಕೊಡಬಾರದು. ಪರದೆ ಮುಖಕ್ಕೆ ಸಮಾಂತರವಾಗಿ ಸುಮಾರು 60 ಸೆಂ.ಮೀ. ದೂರ ಇರಬೇಕು, ಬೈಫೋಕಲ್ ಕನ್ನಡಕದ ಗೆರೆ ಪಾಪೆಗೆ ಅಡ್ಡ ಬರಬಾರದು, ನೋಟ ಒಂದು ಸೆಕೆಂಡ್ ನಿಂತರೆ ಆಯ್ಕೆ ಅಂತ ಶುರು ಮಾಡಬೇಕು. ಬೈಪ್ಯಾಪ್ (ಉಸಿರಾಟಕ್ಕೆ ನೆರವಾಗುವ ಯಂತ್ರ) ಮಾಸ್ಕಿನಿಂದ ಸೋರುವ ಗಾಳಿ ಕಣ್ಣಿಗೆ ಹೊಡೆದರೂ ಕಣ್ಣು ಒಣಗಿ ಕೆಡುತ್ತೆ. ಆಪ್ಟಿಕೀ ಅನ್ನುವ ಮುಕ್ತ ತಂತ್ರಾಂಶದಲ್ಲಿ ಕೀಲಿಮಣೆಯನ್ನು ನಾವೇ ಬರೆದುಕೊಳ್ಳಬಹುದು, ಮೇಲಿನ 32 ಮನೆಗಳನ್ನೇ ಹಾಕಬಹುದು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಪರ್ಯಾಯ ಸಂವಹನಕ್ಕೇ ಒಂದು ವಿಭಾಗ ಇದೆ. ಖರೀದಿಗೆ ಮುಂಚೆ ವಾಕ್ ಚಿಕಿತ್ಸಕರಿಗೆ ತೋರಿಸಿ.

ಪುಟ್ಟಪ್ರಶ್ನೆ
ಮಿದುಳಿಗೇ ಚಿಪ್ ಹಾಕುವುದು ಬಂದಿದೆಯಲ್ಲ, ಇನ್ನು ನಾಲ್ಕು ವರ್ಷ ಕಾದರೆ ಇದೆಲ್ಲ ಬೇಕಾಗಲ್ಲ ಅಲ್ವಾ?

ಕೋಡ್‌ಕುಂದಾಪುರ
ಕೆಲಸ ನಿಜಕ್ಕೂ ದೊಡ್ಡದೇ. ಮಾತಾಡಲು ಯತ್ನಿಸುವಾಗ ಮಿದುಳಿನಲ್ಲಿ ಏಳುವ ಸಂಕೇತ ಓದಿ ಅದನ್ನು ಪದ ಮಾಡ್ತಾರೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ನಿಮಿಷಕ್ಕೆ 62 ಪದ, ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 78 ಪದ ಮುಟ್ಟಿದರು. ನಾವು ಮಾತಾಡುವುದು ನಿಮಿಷಕ್ಕೆ ಹೆಚ್ಚುಕಮ್ಮಿ 150. ಆದರೆ ಅವೆಲ್ಲ ಬೆರಳೆಣಿಕೆಯ ಜನರ ಮೇಲೆ ನಡೆದ ಪ್ರಯೋಗ, ತಲೆಬುರುಡೆ ತೆರೆದು ವಿದ್ಯುದ್ವಾರ ಇಡಬೇಕು, ಕಲಿಸಿದ್ದು ಇಂಗ್ಲಿಷ್ ಧ್ವನಿಗಳನ್ನು. ಕನ್ನಡಕ್ಕೆ ಎಲ್ಲವನ್ನೂ ಮೊದಲಿಂದ ಕಲಿಸಬೇಕು.

ರಾತ್ರಿಪಾಳಿ
ನಾಲ್ಕು ವರ್ಷದ ಮಾತು ಬಿಡಿ. ಇವತ್ತು ರಾತ್ರಿ ಕಫ ಕಟ್ಟಿದರೆ ಅವರು ಹೇಗೆ ಹೇಳ್ತಾರೆ?

ವಾಕ್‌ಮೈಸೂರು
ಎಎಲ್‌ಎಸ್ ಮೊದಲ ಹಂತದಲ್ಲಿರುವ ಯಾರಾದರೂ ಓದುತ್ತಿದ್ದರೆ: ಧ್ವನಿ ಇರುವಾಗಲೇ ಅವರ ಮಾತುಗಳನ್ನು ಫೋನಿನಲ್ಲಿ ದಾಖಲಿಸಿಡಿ. ಫ್ಯಾನ್ ಆಫ್ ಮಾಡಿ, ಬಾಯಿಂದ ಒಂದು ಗೇಣು ದೂರ, ಒಂದು ವಾಕ್ಯಕ್ಕೆ ಒಂದು ಕಡತ. "ನೀರು ಬೇಕು" ಅನ್ನುವುದನ್ನು ಯಂತ್ರವೂ ಹೇಳುತ್ತೆ. ಮೊಮ್ಮಗಳನ್ನು ಕರೆಯುವ ಹೆಸರು, ಹೆಂಡತಿಗೆ ಹೇಳುವ "ಊಟ ಆಯ್ತೇನೇ?", ಮಗನಿಗೆ ಬೈಯುವ ಬೈಗುಳ, ಇವನ್ನು ದಾಖಲಿಸಿ.

ಹೊಂಗೆನೆರಳು
ಇವತ್ತು ಮೊದಲ ಪದ ಬಂತು. ಬೆಲ್ ನಿನ್ನೆಯಿಂದಲೇ ಕೆಲಸ ಮಾಡ್ತಿದೆ. ಬಳಕೆಯ ಕ್ರಮದ ಬದಿಯನ್ನೇ ಅವರು ಆರಿಸಿಕೊಂಡರು. ಕ, ನ, ಡ ಬಂದ ತಕ್ಷಣ "ಕನ್ನಡನಾ? ಕನ್ನಡ ವಾರ್ತೆ ಹಾಕಲಾ?" ಅಂತ ಕೇಳಿದೆವು. ಕಣ್ಣು ಮುಚ್ಚಿದರು. ಕನ್ನಡ ಪೇಪರ್ ಓದಲಾ ಅಂದೆವು, ಮತ್ತೆ ಮುಚ್ಚಿದರು. ಆಮೇಲೆ ಮೇಡಂ ಹೇಳಿದ್ದು ನೆನಪಾಗಿ ಮುಂದಿನ ಅಕ್ಷರ ಕೇಳಿದೆವು. ಕ. ಕನ್ನಡಕ! ಆಸ್ಪತ್ರೆಗೆ ಸೇರಿಸಿದ ದಿನ ತೆಗೆದು ಚೀಲಕ್ಕೆ ಹಾಕಿದ್ದು, ಎರಡೂವರೆ ತಿಂಗಳು ಯಾರೂ ಹಾಕಿರಲಿಲ್ಲ.

ವಾಕ್‌ಮೈಸೂರು
ತುಂಬಾ ಸಂತೋಷ ಆಯ್ತು. ಈಗಲೇ ಹಾಕಿ. ಬೈಫೋಕಲ್ ಆದರೆ ಅಕ್ಷರದ ಹಾಳೆಯನ್ನು ಎದೆಯ ಮಟ್ಟಕ್ಕೆ ಇಳಿಸಿ ಹಿಡಿಯಬೇಕು, ಆದರೆ ಅವರಿಗೆ ಕೆಳನೋಟ ಕಮ್ಮಿ ಅಂದಿದ್ದಿರಿ. ಹಾಗಾಗಿ ಓದುವುದಕ್ಕಷ್ಟೇ ಆಗುವ ಒಂದೇ ಪವರಿನ ಬೇರೆ ಕನ್ನಡಕ ಮಾಡಿಸಿ. ಕಿವಿಯ ಹಿಂದೆ, ಮೂಗಿನ ಮೇಲೆ ಒತ್ತಿ ಗಾಯವಾಗುತ್ತಿದೆಯಾ ಅಂತ ಮಗ್ಗುಲು ಬದಲಿಸುವಾಗಲೆಲ್ಲ ನೋಡಿ, ಅವರನ್ನೂ ಕೇಳಿ.

ಧಾರವಾಡಪೇಡೆ
ಪ್ರಶ್ನಿ ಹಾಳಿಗೆ "ಕನ್ನಡಕ ಹಾಕ್ಲೇನು?" ಸೇರಿಸ್ರಿ. ಕಫದ ಕೆಳಗ, ಎರಡನೇದು.